ಎರಡು ಸರದಿಗಳ ನಡುವಿನ ಊಟ

ನಮ್ಮ ಕಡೆ ಬೇನೆ ಬಿದ್ದವರನ್ನು ಮಾತನಾಡಿಸಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಎರಡು ಎಳನೀರು, ಒಂದು ಡಜನ್ ಬಾಳೆಹಣ್ಣು, ನಾಲ್ಕು ಮೋಸಂಬಿ ಚೀಲದಲ್ಲಿಟ್ಟುಕೊಂಡು ಹೋಗುವುದು ವಾಡಿಕೆ. ಜ್ವರದಿಂದ ಎದ್ದವರಿಗೆ, ಮೈ ಸೊರಗಿದವರಿಗೆ ಇದು ಉಪಕಾರವೇ ಸರಿ. ಆದರೆ ಅದೇ ಚೀಲವು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಮನೆಯನ್ನು ಹೊಕ್ಕರೆ ಉಪಕಾರವಾಗಿ ಉಳಿಯುವುದಿಲ್ಲ. ಒಮ್ಮೊಮ್ಮೆ ಪ್ರಾಣಕ್ಕೇ ಸಂಚಕಾರ ತರುತ್ತದೆ. ಎಳನೀರೂ ವಿಷವಾದೀತೇ ಎಂದು ತಾವು ಕೇಳಬಹುದು. ಆಗುವುದುಂಟು. ಹೇಗೆ ಆಗುತ್ತದೆ, ಹಾಗಾಗದಂತೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮೂತ್ರಪಿಂಡದ ರೋಗಿಗಳು ಹಿಂದೆ ಈ ಚಿಕಿತ್ಸೆಗೆಂದು ಹುಬ್ಬಳ್ಳಿಯಂಥ ದೊಡ್ಡ ಊರಿನ ದಾರಿ ಹಿಡಿಯಬೇಕಾಗಿತ್ತು. ಬೆಳಗಿನ ಬಸ್ಸು, ರಾತ್ರಿಯ ಬಸ್ಸು, ನಡುವೆ ನಾಲ್ಕು ತಾಸಿನ ಯಂತ್ರ. ವಾರದಲ್ಲಿ ಎರಡು ಮೂರು ದಿನ ಹೀಗೆಯೇ ಸವೆಯುತ್ತಿದ್ದವು. ೨೦೧೬ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಸಾರಿತು. ನಮ್ಮ ರಾಜ್ಯದಲ್ಲಿ ಜಿಲ್ಲಾ ದವಾಖಾನೆಗಳಲ್ಲದೆ ತಾಲೂಕು ದವಾಖಾನೆಗಳಿಗೂ ಈ ಯಂತ್ರಗಳು ಬಂದವು. ಬಡವರ ಪಾಲಿಗೆ ಇದು ದೊಡ್ಡ ಆಸರೆ. ಆದರೆ ಯಂತ್ರ ಹತ್ತಿರ ಬಂದಷ್ಟು ಪಥ್ಯದ ತಿಳಿವಳಿಕೆ ಹತ್ತಿರ ಬಂದಿಲ್ಲ. ಯಂತ್ರವನ್ನು ನಡೆಸುವವರು ದವಾಖಾನೆಯಲ್ಲಿದ್ದಾರೆ. ಊಟವನ್ನು ನಡೆಸುವವರು ಮನೆಯಲ್ಲಿದ್ದಾರೆ.

ಜರಡಿಯೂ ಯಂತ್ರವೂ

ಮೂತ್ರಪಿಂಡಗಳು ಬೆನ್ನುಮೂಳೆಯ ಎಡಬಲಕ್ಕೆ ಒಂದೊಂದರಂತೆ ಇರುವ, ಅವರೆಬೀಜದ ಆಕಾರದ ಅಂಗಗಳು. ಒಂದೊಂದೂ ಮುಷ್ಟಿಗಾತ್ರದ್ದು. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಇವೆಲ್ಲ ಕೂಡಿ ಒಂದು ದಿನಕ್ಕೆ ಸುಮಾರು ೧೮೦ ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನು ಮರಳಿ ರಕ್ತಕ್ಕೆ ಕೊಟ್ಟು, ಬೇಡವಾದುದನ್ನು ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಗೆ ಕಳಿಸುತ್ತವೆ. ನಾವು ಹೆಚ್ಚು ಉಪ್ಪು ತಿಂದ ದಿನ ಹೆಚ್ಚು ಉಪ್ಪನ್ನು, ಹೆಚ್ಚು ನೀರು ಕುಡಿದ ದಿನ ಹೆಚ್ಚು ನೀರನ್ನು ಹೊರಹಾಕಿ ಲೆಕ್ಕವನ್ನು ಸರಿಪಡಿಸುವವು ಇವೇ. ಆದಕಾರಣ ಆರೋಗ್ಯವಂತನು ತಟ್ಟೆಯ ಲೆಕ್ಕವಿಡಬೇಕಾಗಿಲ್ಲ. ಅವನ ಒಳಗಿನ ಕರಣಿಕನು ಅದನ್ನು ನೋಡಿಕೊಳ್ಳುತ್ತಾನೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದ ಕಾರಣಗಳಿಂದ ಈ ಜರಡಿಗಳು ಹಾಳಾದಾಗ ಕರಣಿಕನು ಇಲ್ಲವಾಗುತ್ತಾನೆ. ಉಂಡದ್ದು, ಕುಡಿದದ್ದು ಎಲ್ಲವೂ ಒಳಗೇ ಉಳಿಯತೊಡಗುತ್ತದೆ.

ಆಗ ನೆರವಿಗೆ ಬರುವುದು ಡಯಾಲಿಸಿಸ್. ಬಿಡಿಸುವುದು, ಬೇರ್ಪಡಿಸುವುದು ಎಂಬ ಅರ್ಥದ ಗ್ರೀಕ್ ಮೂಲದ ಈ ಪದವನ್ನು ೧೮೬೧ರಲ್ಲಿ ರಸಾಯನಶಾಸ್ತ್ರದಲ್ಲಿ ಬಳಕೆಗೆ ತಂದವನು ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ. ತೆಳುವಾದ ಪೊರೆಯ ಒಂದು ಬದಿಯಲ್ಲಿ ಬೆರಕೆಯ ದ್ರವವನ್ನೂ ಇನ್ನೊಂದು ಬದಿಯಲ್ಲಿ ನೀರನ್ನೂ ಇಟ್ಟರೆ ಸಣ್ಣ ಕಣಗಳು ಪೊರೆಯನ್ನು ದಾಟುತ್ತವೆ, ದೊಡ್ಡವು ಉಳಿಯುತ್ತವೆ. ಇದೇ ತತ್ತ್ವವನ್ನು ಹಿಡಿದು ೧೯೪೩ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಂ ಕೋಲ್ಫ್ ಎಂಬ ವೈದ್ಯನು ಮನುಷ್ಯನ ರಕ್ತವನ್ನು ಶುದ್ಧಮಾಡುವ ಯಂತ್ರವನ್ನು ಕಟ್ಟಿದನು. ಮೊದಲ ರೋಗಿಗಳು ಉಳಿಯಲಿಲ್ಲ. ೧೯೪೫ರಲ್ಲಿ ಒಬ್ಬ ವೃದ್ಧೆ ಉಳಿದಳು. ೧೯೬೦ರಲ್ಲಿ ಅಮೆರಿಕದ ಸಿಯಾಟಲಿನ ಸ್ಕ್ರಿಬ್ನರ್ ಎಂಬ ವೈದ್ಯನು ಒಬ್ಬನೇ ರೋಗಿಗೆ ಮೇಲಿಂದ ಮೇಲೆ ಡಯಾಲಿಸಿಸ್ ಮಾಡುವ ಉಪಾಯವನ್ನು ಕಂಡುಹಿಡಿದನು. ಅಂದಿನಿಂದ ಈ ಚಿಕಿತ್ಸೆ ನಾಲ್ಕು ದಿನದ ಆಸರೆಯಾಗಿದ್ದುದು ವರ್ಷಾನುಗಟ್ಟಲೆಯ ಬಾಳುವೆಯಾಯಿತು.

ಇಲ್ಲಿ ಒಂದು ಸರಳ ಗಣಿತವನ್ನು ಗಮನಿಸಬೇಕು. ವಾರಕ್ಕೆ ೧೬೮ ತಾಸುಗಳು. ಆರೋಗ್ಯವಂತನ ಮೂತ್ರಪಿಂಡವು ಅಷ್ಟೂ ತಾಸು ದುಡಿಯುತ್ತದೆ. ಯಂತ್ರವು ವಾರಕ್ಕೆ ಮೂರು ಸರದಿ, ಸರದಿಗೆ ನಾಲ್ಕು ತಾಸಿನಂತೆ ೧೨ ತಾಸು ದುಡಿಯುತ್ತದೆ. ಉಳಿದ ೧೫೬ ತಾಸು ರಕ್ತವನ್ನು ಸೋಸುವವರು ಯಾರೂ ಇಲ್ಲ. ವಾರಕ್ಕೆ ಎರಡೇ ಸರದಿ ಸಿಕ್ಕವರಿಗೆ ಆ ಲೆಕ್ಕ ಇನ್ನೂ ಬಿಗಿ. ಆ ತಾಸುಗಳಲ್ಲಿ ಒಳಗೆ ಏನು ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಅಡುಗೆಮನೆ. ಎರಡು ಸರದಿಗಳ ನಡುವೆ ಅಡುಗೆಮನೆಯೇ ರೋಗಿಯ ಮೂತ್ರಪಿಂಡ ಎಂದರೆ ಅತಿಶಯೋಕ್ತಿಯಲ್ಲ.

ಪಥ್ಯ ಎಂಬ ಮಾತಿಗೆ ನಾವು ಬಾಯಿ ಕಟ್ಟುವುದು ಎಂಬ ಅರ್ಥವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಆ ಶಬ್ದ ಹುಟ್ಟಿದ್ದು ‘ಪಥ’ದಿಂದ, ದಾರಿಯಿಂದ ತಪ್ಪದುದೇ ಪಥ್ಯ. ಒಬ್ಬರ ದಾರಿ ಇನ್ನೊಬ್ಬರ ದಾರಿಯಲ್ಲ. ಡಯಾಲಿಸಿಸಿನ ದಾರಿಯಂತೂ ನಾವು ಚಿಕ್ಕಂದಿನಿಂದ ಕಲಿತ ಅನೇಕ ಒಳ್ಳೆಯ ಪಾಠಗಳಿಗೆ ತಿರುವುಮುರುವಾದುದು. ಹಣ್ಣು ತಿನ್ನು, ಸೊಪ್ಪು ತಿನ್ನು, ನೀರು ಹೆಚ್ಚು ಕುಡಿ, ಬೇಯಿಸಿದ ನೀರನ್ನು ಚೆಲ್ಲಬೇಡ, ಸಕ್ಕರೆ ಬಿಟ್ಟು ಬೆಲ್ಲ ಬಳಸು ಎಂಬ ಪಾಠಗಳು ಆರೋಗ್ಯವಂತರಿಗೆ ಸರಿ. ಮೂತ್ರಪಿಂಡ ಸೋತವರ ಮನೆಯಲ್ಲಿ ಒಂದೊಂದನ್ನೂ ಮತ್ತೆ ವಿಚಾರಿಸಬೇಕು.

ನೀರು ಮತ್ತು ಉಪ್ಪು

ಮೂತ್ರ ಬರುವುದು ನಿಂತ ಮೇಲೆ ಕುಡಿದ ನೀರಿಗೆ ಹೊರಹೋಗಲು ಬೆವರು, ಉಸಿರು, ಮಲ ಇಷ್ಟೇ ದಾರಿ. ಆದಕಾರಣ ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆಯೆಂದರೆ, ಹಿಂದಿನ ದಿನ ಬಂದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರು. ಹೆಚ್ಚೆಂದರೆ ಮುಕ್ಕಾಲು ಲೀಟರು. ಇದರಲ್ಲಿ ಕುಡಿಯುವ ನೀರು ಮಾತ್ರವಲ್ಲ, ಚಹಾ, ಮಜ್ಜಿಗೆ, ಸಾರು, ಅಂಬಲಿ, ಪಾಯಸ, ಗುಳಿಗೆ ನುಂಗುವ ಗುಟುಕು ಎಲ್ಲವೂ ಸೇರಿದುವು. ಯಂತ್ರದಲ್ಲಿ ಒಂದು ಸರದಿಗೆ ಸುಮಾರು ೧೨೦ ಲೀಟರು ಶುದ್ಧಿದ್ರವ ಹರಿದುಹೋಗುವುದನ್ನು ಕಂಡ ರೋಗಿಗೆ ಅರ್ಧ ಲೀಟರಿನ ಕಟ್ಟಳೆ ಕ್ರೂರವೆನಿಸುವುದು ಸಹಜ. ಆದರೆ ಆ ದ್ರವ ಪೊರೆಯ ಆಚೆಯದು, ಈ ನೀರು ಮೈಯೊಳಗಿನದು.

ಒಳಗೆ ನಿಂತ ನೀರನ್ನು ತೋರಿಸಿಕೊಡುವುದು ತೂಕದ ಯಂತ್ರ. ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ. ಐವತ್ತು ಕಿಲೋ ತೂಕದವರು ಎರಡು ಸರದಿಗಳ ನಡುವೆ ಎರಡು ಕಿಲೋ ಮೀರಿ ಏರದಂತೆ ನೋಡಿಕೊಳ್ಳುವುದು ಒಳ್ಳೆಯದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಒಮ್ಮೆ ಹೇಳಿದ ಮಾತು ನೆನಪಿದೆ: “ತೂಕ ನಾಲ್ಕು ಕಿಲೋ ಏರೇತಿ ಅಂದಾಗ ಮೈ ಹತ್ತೇತಿ ಅಂತ ನಾವು ಖುಷಿಪಟ್ಟಿದ್ವಿರಿ ಮಾಸ್ತರ.” ಅದು ಮೈ ಹತ್ತಿದ್ದಲ್ಲ, ಕಾಲಿನಲ್ಲಿ, ಮುಖದಲ್ಲಿ, ಕೊನೆಗೆ ಪುಪ್ಪುಸದಲ್ಲಿ ನಿಂತ ನೀರು. ಅಷ್ಟು ನೀರನ್ನು ನಾಲ್ಕೇ ತಾಸಿನಲ್ಲಿ ಎಳೆದಾಗ ರಕ್ತದೊತ್ತಡ ಕುಸಿಯುತ್ತದೆ, ಕಾಲಿನ ಮೀನಖಂಡ ಸೆಟೆಯುತ್ತದೆ, ಹೃದಯ ಬಳಲುತ್ತದೆ.

ನೀರಡಿಕೆಯ ಮೂಲ ಉಪ್ಪು. ಉಪ್ಪನ್ನು ಬಿಗಿಹಿಡಿಯದೆ ನೀರನ್ನು ಬಿಗಿಹಿಡಿಯಲು ಯಾರಿಂದಲೂ ಆಗದು. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಎಂದರೆ ಒಂದು ಚಹಾ ಚಮಚ ಉಪ್ಪು. ಅದಕ್ಕೂ ಕಡಿಮೆಯಾದರೆ ಮತ್ತೂ ಒಳ್ಳೆಯದು. ನಮ್ಮ ಸೀಮೆಯಲ್ಲಿ ಉಪ್ಪು ತಟ್ಟೆಯ ಅಂಚಿನಲ್ಲಿ ಮಾತ್ರ ಕೂತಿಲ್ಲ. ಉಪ್ಪಿನಕಾಯಿಯಲ್ಲಿದೆ, ಹಪ್ಪಳ ಸಂಡಿಗೆಗಳಲ್ಲಿದೆ, ಚಟ್ನಿಪುಡಿಯಲ್ಲಿದೆ, ಹೆಸರಾದ ಸವಣೂರು ಖಾರದಂಥ ಕುರುಕಲು ತಿನಿಸಿನಲ್ಲಿದೆ. ಮಿರ್ಚಿ ಭಜಿಗೆ ಹಾಕುವ ಸೋಡಾದಲ್ಲಿಯೂ ಉಪ್ಪಿನ ಅಂಶವಾದ ಸೋಡಿಯಂ ಇದೆ. ಸಂಜೆ ಒಂದು ಬಸಿ ಖಾರ ತಿಂದವನು ರಾತ್ರಿಯೆಲ್ಲ ನೀರಿಗಾಗಿ ಹಾತೊರೆಯುತ್ತಾನೆ. ತಪ್ಪು ಅವನ ಮನಸ್ಸಿನ ದೌರ್ಬಲ್ಯದ್ದಲ್ಲ, ಬಸಿಯದು. ಉಪ್ಪು ಇಳಿಸಿದ ಅಡುಗೆಗೆ ನಿಂಬೆಹುಳಿ, ಬೆಳ್ಳುಳ್ಳಿ, ಜೀರಿಗೆ, ಒಗ್ಗರಣೆಯ ಇಂಗು, ಸ್ವಲ್ಪ ಬ್ಯಾಡಗಿ ಮೆಣಸಿನ ಪುಡಿ ರುಚಿ ಕೊಡುತ್ತವೆ. ನಾಲಿಗೆ ಕೆಲವು ವಾರ ಮುನಿದು ಆಮೇಲೆ ಒಗ್ಗಿಕೊಳ್ಳುತ್ತದೆ.

ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು. ಅಂಗಡಿಗಳಲ್ಲಿ ‘ಸೋಡಿಯಂ ಕಡಿಮೆ ಇರುವ ಉಪ್ಪು’ ಎಂದು ಮಾರುವುದುಂಟು. ಅದರಲ್ಲಿ ಸೋಡಿಯಂ ಕಡಿಮೆ ಮಾಡಿ ಅದರ ಬದಲು ಪೊಟ್ಯಾಸಿಯಂ ಕೂಡಿಸಿರುತ್ತಾರೆ. ರಕ್ತದೊತ್ತಡದ ಕೆಲವರಿಗೆ ಅದು ಹಿತವಾದೀತು. ಡಯಾಲಿಸಿಸಿನವರು ಅದನ್ನು ಮುಟ್ಟಬಾರದು.

ನೀರಡಿಕೆಯನ್ನು ತಣಿಸಲು ಕೆಲವು ಉಪಾಯಗಳಿವೆ. ಬೆಳಿಗ್ಗೆ ಆ ದಿನದ ನೀರನ್ನು ಒಂದು ಬಾಟಲಿಯಲ್ಲಿ ಅಳೆದಿಟ್ಟು ಅದರಿಂದಲೇ ಸಣ್ಣ ವಾಟಗದಲ್ಲಿ ಕುಡಿಯುವುದು. ಸಾರು ಅಥವಾ ಚಹಾ ಕುಡಿದಾಗ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದುಬಿಡುವುದು. ಆಗಾಗ ಬಾಯಿ ಮುಕ್ಕಳಿಸಿ ಉಗುಳುವುದು. ಏಲಕ್ಕಿಯನ್ನೋ ಲವಂಗವನ್ನೋ ದವಡೆಯಲ್ಲಿಟ್ಟುಕೊಳ್ಳುವುದು. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಏರಿದರೂ ನೀರಡಿಕೆ ಹೆಚ್ಚುತ್ತದೆ; ಅದನ್ನು ಹಿಡಿತದಲ್ಲಿಡುವುದೂ ಒಂದು ಉಪಾಯವೇ.

ಎಳನೀರಿನ ಗುಟ್ಟು: ಪೊಟ್ಯಾಸಿಯಂ

ಪೊಟ್ಯಾಸಿಯಂ ಎಂಬುದು ಎಲ್ಲ ಸಸ್ಯಗಳಲ್ಲಿಯೂ ಇರುವ ಒಂದು ಲವಣಾಂಶ. ಸ್ನಾಯುಗಳು ಕುಗ್ಗಿ ಹಿಗ್ಗುವುದಕ್ಕೂ ಹೃದಯದ ಮಿಡಿತಕ್ಕೂ ಅದು ಬೇಕು. ಆದರೆ ರಕ್ತದಲ್ಲಿ ಅದರ ಎಲ್ಲೆ ಬಹಳ ಕಿರಿದು; ಲೀಟರಿಗೆ ೩.೫ರಿಂದ ೫ ಮಿಲಿಮೋಲಿನೊಳಗೆ ಇರಬೇಕು. ಅದು ಆರು, ಏಳು ಎಂದು ಏರತೊಡಗಿದರೆ ಕೈಕಾಲು ಸೋಲುತ್ತವೆ, ಹೃದಯದ ತಾಳ ತಪ್ಪುತ್ತದೆ, ಮುನ್ಸೂಚನೆಯಿಲ್ಲದೆ ನಿಲ್ಲಲೂಬಹುದು. ಆರೋಗ್ಯವಂತರಲ್ಲಿ ಹೆಚ್ಚಾದುದು ಮೂತ್ರದಲ್ಲಿ ಹೋಗುತ್ತದೆ. ಇವರಲ್ಲಿ ಮುಂದಿನ ಸರದಿಯವರೆಗೆ ಒಳಗೇ ಇರುತ್ತದೆ.

ವೈದ್ಯರು ಇವರಿಗೆ ದಿನಕ್ಕೆ ೨,೦೦೦ದಿಂದ ೨,೫೦೦ ಮಿಲಿಗ್ರಾಂ ಪೊಟ್ಯಾಸಿಯಮ್ಮಿನ ಎಲ್ಲೆ ಹಾಕುವುದು ವಾಡಿಕೆ. ನೂರು ಮಿಲಿಲೀಟರು ಎಳನೀರಿನಲ್ಲಿ ಸುಮಾರು ೨೦೦ರಿಂದ ೨೫೦ ಮಿಲಿಗ್ರಾಂ ಇದೆ. ದೊಡ್ಡದೊಂದು ಎಳನೀರು ಕುಡಿದರೆ ದಿನದ ಪಾಲಿನಲ್ಲಿ ಕಾಲುಭಾಗಕ್ಕೂ ಮಿಕ್ಕಿ ಒಂದೇ ಉಸಿರಿಗೆ ಒಳಗೆ ಹೋದಂತಾಯಿತು. ಜತೆಗೆ ದಿನದ ನೀರಿನ ಅರ್ಧಪಾಲೂ ಮುಗಿಯಿತು. ನೂರು ಗ್ರಾಂ ಬಾಳೆಹಣ್ಣಿನಲ್ಲಿ ೩೫೦ ಮಿಲಿಗ್ರಾಂ ಆಸುಪಾಸು. ಮೋಸಂಬಿಯ ರಸ, ಒಣದ್ರಾಕ್ಷಿ, ಖರ್ಜೂರ, ಪೇರಲ, ಆಲೂಗಡ್ಡೆ, ಗೆಣಸು, ಟೊಮೇಟೊ ಸಾರು, ಪಾಲಕ, ರಾಜಗಿರಿ, ನುಗ್ಗೆಸೊಪ್ಪು ಇವೆಲ್ಲ ಎಚ್ಚರದ ಪಟ್ಟಿಗೆ ಸೇರಿದುವು. ಹಾನಗಲ್ಲ ಕಡೆಯ ಮಾವು ಪೇಟೆಗೆ ಬಂದಾಗ ಪೂರ್ತಿ ಬೇಡವೆನ್ನಬೇಕಾಗಿಲ್ಲ. ಒಂದೆರಡು ಹೋಳಿಗೆ ಸಾಕುಮಾಡಬೇಕು, ಅಂದು ಬೇರೆ ಹಣ್ಣು ತಿನ್ನಬಾರದು. ಸೇಬು, ಅನಾನಸು, ನೇರಳೆ, ಪೇರು ಎಂಬ ಮರಸೇಬು ಇವುಗಳಲ್ಲಿ ಪೊಟ್ಯಾಸಿಯಂ ಕಡಿಮೆ. ದಿನಕ್ಕೆ ಒಂದು ಸಣ್ಣ ಹಣ್ಣಿನಷ್ಟನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಕಾಯಿಪಲ್ಲೆಗಳಲ್ಲಿ ಹೀರೆ, ಸೋರೆ, ಸೌತೆ, ಪಡವಲ, ಎಲೆಕೋಸು ಸೌಮ್ಯವಾದುವು.

ಕಮರಾಕ್ಷಿ ಎಂದೂ ಧಾರೆಹುಳಿ ಎಂದೂ ಕರೆಯುವ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಐದು ಏಣಿನ ಹಣ್ಣು ಮಾತ್ರ ಒಂದು ಹೋಳೂ ಕೂಡದು. ಮೂತ್ರಪಿಂಡ ಹೊರಹಾಕಬೇಕಾದ ಒಂದು ನಂಜು ಅದರಲ್ಲಿದ್ದು, ಇವರಲ್ಲಿ ಅದು ಮಿದುಳಿಗೆ ಏರುತ್ತದೆ. ನಿಲ್ಲದ ಬಿಕ್ಕಳಿಕೆಯಿಂದ ಮೊದಲಾಗಿ ಬುದ್ಧಿಭ್ರಮೆ, ಸೆಳವು, ಮರಣದವರೆಗೆ ಹೋದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿವೆ.

ಪೊಟ್ಯಾಸಿಯಂ ನೀರಿನಲ್ಲಿ ಕರಗುವ ವಸ್ತು. ಈ ಒಂದು ಗುಣವೇ ನಮ್ಮ ಗೃಹಿಣಿಯರ ಕೈಗೆ ಸಿಕ್ಕ ದೊಡ್ಡ ಆಯುಧ. ಕಾಯಿಪಲ್ಲೆಯ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಧಾರಾಳವಾದ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ತಾಸು ನೆನೆಯಿಟ್ಟು ಆ ನೀರನ್ನು ಚೆಲ್ಲಬೇಕು. ಮತ್ತೆ ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದು ಆಮೇಲೆ ಒಗ್ಗರಣೆ ಹಾಕಬೇಕು. ಹೀಗೆ ಮಾಡಿದರೆ ಪೊಟ್ಯಾಸಿಯಮ್ಮಿನ ದೊಡ್ಡ ಪಾಲು ನೀರಿನೊಡನೆ ಹೋಗುತ್ತದೆ. ಬೇಳೆಯನ್ನೂ ನೆನೆಸಿ, ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯಬೇಕು.

ಇಲ್ಲಿಯೇ ನಮ್ಮ ಕಟ್ಟಿನ ಸಾರಿನ ವಿಚಾರ ಬರುತ್ತದೆ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟಿನಿಂದ ಮಾಡುವ ಆ ಸಾರು ಉತ್ತರ ಕರ್ನಾಟಕದ ಹೆಮ್ಮೆ. ಸತ್ವವೆಲ್ಲ ಕಟ್ಟಿನಲ್ಲಿದೆ ಎಂದು ಹಿರಿಯರು ಹೇಳುವುದು ನಿಜ. ರೋಗಿಗೆ ಬೇಡವಾದ ಪೊಟ್ಯಾಸಿಯಂ ಇರುವುದೂ ಅದೇ ಕಟ್ಟಿನಲ್ಲಿ. ಆದಕಾರಣ ಹಬ್ಬದ ದಿನ ಮನೆಮಂದಿಗೆ ಕಟ್ಟಿನ ಸಾರು, ರೋಗಿಗೆ ಬಸಿದ ಬೇಳೆ ಎಂಬ ಹಂಚಿಕೆ ಸರಿಯಾದುದು. ಬೆಲ್ಲದ ಕಥೆಯೂ ಹೀಗೆಯೇ. ಬೆಲ್ಲದಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ, ಸಕ್ಕರೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಕಾಯಿಲೆಯಿದ್ದವರಿಗೆ ಎರಡೂ ಬೇಡ. ಆದರೆ ಅವರ ರಕ್ತದ ಸಕ್ಕರೆ ಒಮ್ಮೆಲೇ ಇಳಿದು ತಲೆಸುತ್ತು ಬಂದಾಗ ಕೊಡಬೇಕಾದುದು ಒಂದೆರಡು ಚಮಚ ಸಕ್ಕರೆ ಅಥವಾ ಗ್ಲೂಕೋಸು, ಹಣ್ಣಿನ ರಸವಲ್ಲ.

ಮಲಬದ್ಧತೆಯಿದ್ದರೂ ಪೊಟ್ಯಾಸಿಯಂ ಏರುತ್ತದೆ, ಏಕೆಂದರೆ ಮೂತ್ರದ ದಾರಿ ಮುಚ್ಚಿದವರಿಗೆ ಅದು ಹೊರಹೋಗುವ ಇನ್ನೊಂದು ದಾರಿ ಮಲ. ಆದ್ದರಿಂದ ಹೆದರಿಕೊಂಡು ಕಾಯಿಪಲ್ಲೆಯನ್ನೇ ಬಿಟ್ಟುಬಿಡುವುದೂ ತಪ್ಪು.

ಎರಡು ಬಗೆಯ ರಂಜಕ

ಕನ್ನಡ ಶಾಲಾಪುಸ್ತಕಗಳು ಫಾಸ್ಫರಸ್ಸನ್ನು ರಂಜಕವೆಂದು ಕರೆದವು. ನಮ್ಮ ಅಡುಗೆಮನೆಯ ಭರಣಿಯಲ್ಲಿಯೂ ಒಂದು ರಂಜಕವಿದೆ. ಕೆಂಪು ಹಸಿಮೆಣಸಿನಕಾಯಿಯನ್ನು ಉಪ್ಪು ಹಾಕಿ ಕುಟ್ಟಿದ ಚಟ್ನಿ. ಭರಣಿಯ ರಂಜಕವು ಉಪ್ಪಿನ ಕಾರಣದಿಂದ ಬೇಡ. ಪುಸ್ತಕದ ರಂಜಕದ ಕಥೆ ಬೇರೆ.

ರಂಜಕವು ಎಲುಬಿಗೆ ಬೇಕಾದ ಧಾತು. ಆದರೆ ಯಂತ್ರವು ಅದನ್ನು ಬಲು ಕಡಿಮೆ ತೆಗೆಯುತ್ತದೆ. ರಕ್ತದಲ್ಲಿ ಅದು ಹೆಚ್ಚಾದರೆ ಮೈತುರಿಕೆ ಹುಟ್ಟುತ್ತದೆ. ಎಲುಬಿನ ಸುಣ್ಣ ಸಡಿಲಿ ರಕ್ತನಾಳಗಳ ಗೋಡೆಯಲ್ಲಿ ಕೂಡುತ್ತದೆ. ಹಾಲು, ಮಾಂಸ, ಬೇಳೆಗಳಲ್ಲಿ ಅದು ಸಹಜವಾಗಿಯೇ ಇದೆ. ಅವನ್ನು ಅಳತೆಯಲ್ಲಿ ತಿನ್ನಲೇಬೇಕು. ಬಿಡಬೇಕಾದುದು ಕಪ್ಪು ಬಣ್ಣದ ಕೋಲಾ ಪಾನೀಯಗಳನ್ನು ಮತ್ತು ಕೆಡದಂತೆ ಫಾಸ್ಫೇಟ್ ಕೂಡಿಸಿದ ಪೊಟ್ಟಣದ ತಿನಿಸುಗಳನ್ನು. ಕಾಳುಗಳಲ್ಲಿಯ ರಂಜಕದಲ್ಲಿ ಅರ್ಧದಷ್ಟೂ ಕರುಳಿಗೆ ದಕ್ಕುವುದಿಲ್ಲ. ಹೀಗೆ ಕೂಡಿಸಿದುದು ಬಹುಮಟ್ಟಿಗೆ ಪೂರ್ತಿ ದಕ್ಕುತ್ತದೆ. ರಂಜಕವನ್ನು ಕರುಳಿನಲ್ಲಿಯೇ ಹಿಡಿದು ಹೊರಹಾಕುವ ಗುಳಿಗೆಗಳನ್ನು ವೈದ್ಯರು ಬರೆದುಕೊಡುತ್ತಾರೆ. ಅವನ್ನು ಊಟದ ಜತೆಯಲ್ಲಿಯೇ ತೆಗೆದುಕೊಳ್ಳಬೇಕು. ಊಟವಾಗಿ ಎರಡು ತಾಸಿನ ಮೇಲೆ ನುಂಗಿದರೆ ಹಿಡಿಯಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಸುಣ್ಣದ ಮಾತು ಬಂದುದರಿಂದ ಸವಣೂರಿನ ವೀಳ್ಯದೆಲೆಯನ್ನೂ ನೆನೆಯಬೇಕು. ಎಲೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಮ್ಮೇ. ದಿನಕ್ಕೆ ಹತ್ತಾರು ಸಲ ಎಲೆ ಹಾಕುವ ರೂಢಿಯವರು ಅದನ್ನು ವೈದ್ಯರಿಗೆ ತಿಳಿಸಬೇಕು, ತಂಬಾಕನ್ನಂತೂ ಬಿಡಲೇಬೇಕು.

ಜೋಳ, ರಾಗಿ, ಅಕ್ಕಿ

ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯ ಹೂಡಿಸಿದರು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಸತ್ವಗುಂದದೆ ಉಳಿದ ರಾಗಿಗೆ ಗೆಲುವಾಯಿತು. ಮೂತ್ರಪಿಂಡ ಸೋತ ಮನೆಯಲ್ಲಿ ಈ ವ್ಯಾಜ್ಯವನ್ನು ಮರಳಿ ವಿಚಾರಿಸಬೇಕಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು ೪೪೦ ಮಿಲಿಗ್ರಾಂ, ಜೋಳದಲ್ಲಿ ಸುಮಾರು ೩೩೦, ಬಿಳಿ ಅಕ್ಕಿಯಲ್ಲಿ ಸುಮಾರು ೧೧೦ ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಇದನ್ನು ಕೇಳಿ ಕೆಲವರು ರೊಟ್ಟಿಯನ್ನು ಪೂರ್ತಿ ನಿಲ್ಲಿಸಿ ಮೂರು ಹೊತ್ತೂ ಅನ್ನ ಬಡಿಸತೊಡಗುತ್ತಾರೆ. ಅದೂ ಸರಿಯಲ್ಲ. ಎರಡು ರೊಟ್ಟಿಗೆ ನೂರು ಗ್ರಾಂ ಹಿಟ್ಟು ಹಿಡಿದರೂ ೩೩೦ ಮಿಲಿಗ್ರಾಂ. ದಿನದ ಲೆಕ್ಕದಲ್ಲಿ ಅದಕ್ಕೆ ಎಡೆಯಿದೆ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಉಂಡು ಬೆಳೆದ ಹಿರೇಕೆರೂರಿನ ರೈತನಿಗೆ ಅದನ್ನು ಕಸಿದುಕೊಂಡರೆ ಅವನು ಊಟವನ್ನೇ ಕಡಿಮೆಮಾಡುತ್ತಾನೆ. ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಅನ್ನ ಎಂಬ ರಾಜಿಯೇ ಈ ವ್ಯಾಜ್ಯಕ್ಕೆ ತಕ್ಕ ತೀರ್ಪು.

ಕಡಿಮೆ ಉಣ್ಣುವ ತಪ್ಪು

ಇಷ್ಟು ಹೊತ್ತು ಬೇಡವೆಂಬ ಮಾತುಗಳನ್ನೇ ಹೇಳಿದ್ದಾಯಿತು. ಈಗ ಬೇಕು ಎಂಬ ಮಾತು. ಡಯಾಲಿಸಿಸ್ ಮೊದಲಾಗುವ ಮುಂಚೆ ಮೂತ್ರಪಿಂಡದ ರೋಗಿಗೆ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು ಕಡಿಮೆಮಾಡಿಸುತ್ತಾರೆ. ಬೇಳೆ ಬೇಡ, ತತ್ತಿ ಬೇಡ ಎಂದು ಅಂದು ಕೇಳಿದ ಮಾತು ಮನೆಯವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುತ್ತದೆ. ಡಯಾಲಿಸಿಸ್ ಮೊದಲಾದ ದಿನವೇ ಈ ಕಟ್ಟಳೆ ತಿರುಗುತ್ತದೆ. ಪ್ರತಿ ಸರದಿಯಲ್ಲಿಯೂ ಕೆಲವು ಗ್ರಾಂ ಸಸಾರಜನಕದ ಅಂಶ ಯಂತ್ರದ ಪಾಲಾಗುತ್ತದೆ, ಅದನ್ನು ತುಂಬಿಕೊಡಬೇಕು. ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ ೧ರಿಂದ ೧.೨ ಗ್ರಾಂ ಬೇಕು ಎಂಬುದು ಇಂದಿನ ವೈದ್ಯರ ಮಾತು. ಐವತ್ತು ಕಿಲೋದವರಿಗೆ ೫೦ರಿಂದ ೬೦ ಗ್ರಾಂ ಆಯಿತು. ಹಳೆಯ ಪಥ್ಯವನ್ನೇ ಹಿಡಿದು ಕೂತವರು ತಿಂಗಳು ತಿಂಗಳಿಗೆ ಸೊರಗುತ್ತಾರೆ, ಸಣ್ಣ ಸೋಂಕಿಗೂ ಹಾಸಿಗೆ ಹಿಡಿಯುತ್ತಾರೆ. ಹೆಚ್ಚು ಉಂಡು ಕೆಟ್ಟವರಂತೆ ಹೆದರಿ ಉಣ್ಣದೆ ಕೆಟ್ಟವರೂ ಇದ್ದಾರೆ.

ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ ಎರಡು ಇಡ್ಲಿಯಿಂದ ಸುಮಾರು ೫ ಗ್ರಾಂ. ಮಧ್ಯಾಹ್ನ ಎರಡು ಜೋಳದ ರೊಟ್ಟಿಯಿಂದ ೯, ಒಂದು ಹಿಡಿ ಅಕ್ಕಿಯ ಅನ್ನದಿಂದ ೫, ಮೂವತ್ತು ಗ್ರಾಂ ಬೇಳೆಯನ್ನು ಬಸಿದು ಮಾಡಿದ ಗಟ್ಟಿ ಪಲ್ಲೆಯಿಂದ ೭, ಅರ್ಧ ಬಟ್ಟಲು ಗಟ್ಟಿ ಮೊಸರಿನಿಂದ ೩. ರಾತ್ರಿ ಎರಡು ಚಪಾತಿಯಿಂದ ೬, ಸ್ವಲ್ಪ ಝುಣಕದಿಂದ ೬, ಅರ್ಧ ಲೋಟ ಹಾಲಿನಿಂದ ೩. ಎಲ್ಲ ಕೂಡಿ ೪೪ ಗ್ರಾಂ ಆಯಿತು, ಇನ್ನೂ ಆರು ಗ್ರಾಂ ಕೊರತೆ. ತತ್ತಿ ತಿನ್ನುವವರಿಗೆ ಎರಡು ತತ್ತಿಯ ಬಿಳಿಭಾಗ ಈ ಕೊರತೆಯನ್ನು ತುಂಬಿಕೊಡುತ್ತದೆ. ಬಿಳಿಭಾಗದಲ್ಲಿ ರಂಜಕ ಬಲು ಕಡಿಮೆಯಾದುದರಿಂದ ಅದು ಇವರಿಗೆ ಹೇಳಿಮಾಡಿಸಿದಂತಿದೆ. ತಿನ್ನದವರು ಉಪ್ಪಿಲ್ಲದ ಪನೀರಿನ ಮೂವತ್ತು ಗ್ರಾಂ ತುಂಡನ್ನು ಸೇರಿಸಿಕೊಳ್ಳಬಹುದು. ಮಾಂಸ ಮೀನು ತಿನ್ನುವವರಿ­ಗೆ ಲೆಕ್ಕ ಇನ್ನೂ ಸುಲಭ. ರಸ ಬಿಟ್ಟು ತುಂಡು ತಿನ್ನಬೇಕು ಅಷ್ಟೆ. ಬರಿಯ ಗಂಜಿಯಿಂದ, ತಿಳಿಸಾರಿನ ಅನ್ನದಿಂದ ಈ ಲೆಕ್ಕ ಎಂದಿಗೂ ಮುಟ್ಟುವುದಿಲ್ಲ.

ಇದು ದಾರಿ ತೋರಿಸುವ ಲೆಕ್ಕ, ಎಲ್ಲರಿಗೂ ಹೊಂದುವ ಕಟ್ಟಳೆಯಲ್ಲ. ಒಬ್ಬರ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೆ ಇನ್ನೊಬ್ಬರಲ್ಲಿ ರಂಜಕ ಹೆಚ್ಚಿರುತ್ತದೆ. ಹೊಟ್ಟೆಯೊಳಗಿನ ಪೊರೆಯ ಮೂಲಕ ಮನೆಯಲ್ಲಿಯೇ ದಿನವೂ ಡಯಾಲಿಸಿಸ್ ಮಾಡಿಕೊಳ್ಳುವವರ ಪಥ್ಯ ಬೇರೆಯೇ ಇದೆ. ಆದ್ದರಿಂದ ಕಾಲಕಾಲಕ್ಕೆ ರಕ್ತಪರೀಕ್ಷೆಯ ಚೀಟಿ ಬಂದಾಗ ಪೊಟ್ಯಾಸಿಯಂ, ರಂಜಕ, ಆಲ್ಬುಮಿನ್, ಹಿಮೋಗ್ಲೋಬಿನ್ ಈ ನಾಲ್ಕರ ಅಂಕಿಗಳನ್ನು ವೈದ್ಯರಿಂದ ಕೇಳಿ ತಿಳಿದು, ಮುಂದಿನ ಅಡುಗೆಯನ್ನು ಅದರಂತೆ ತಿದ್ದಿಕೊಳ್ಳಬೇಕು. ಗಿಡಮೂಲಿಕೆಯ ಕಷಾಯಗಳನ್ನೂ ಅಂಗಡಿಯ ನೋವಿನ ಗುಳಿಗೆಗಳನ್ನೂ ಅವರನ್ನು ಕೇಳದೆ ತೆಗೆದುಕೊಳ್ಳಬಾರದು.

ಮನೆಯವರ ಪಾಲು

ವಾರದಲ್ಲಿ ಎಲ್ಲಕ್ಕಿಂತ ಅಪಾಯದ ಹೊತ್ತು ಎರಡು ಸರದಿಗಳ ನಡುವಿನ ದೀರ್ಘವಾದ ಬಿಡುವು. ಶುಕ್ರವಾರ ಯಂತ್ರಕ್ಕೆ ಹೋದವರಿಗೆ ಮತ್ತೆ ಸೋಮವಾರ ಸರದಿ. ಮದುವೆ, ಜಾತ್ರೆ, ಬಂಧುಗಳ ಮನೆಯ ಊಟಗಳು ಬರುವುದೂ ಸಾಮಾನ್ಯವಾಗಿ ಆ ನಡುವಿನ ಆದಿತ್ಯವಾರವೇ. ಅಂದು ಪಥ್ಯ ಹೆಚ್ಚು ಬಿಗಿಯಾಗಿರಬೇಕು. ಕೈಕಾಲಿನ ಬಲ ಒಮ್ಮೆಲೇ ಇಳಿದರೆ, ಎದೆಬಡಿತ ಏರುಪೇರಾದರೆ, ಮಲಗಿದರೆ ಉಸಿರುಕಟ್ಟಿ ಎದ್ದು ಕೂಡುವಂತಾದರೆ ಸರದಿಯ ದಿನ ಬರಲೆಂದು ಕಾಯಬಾರದು; ರಾತ್ರಿಯಾದರೂ ಸರಿ, ಕೂಡಲೇ ದವಾಖಾನೆಗೆ ಹೋಗಬೇಕು.

ಮತ್ತೊಂದು ಮಾತು. ಮನೆಮಂದಿಯೆಲ್ಲ ಪಂಕ್ತಿಯಲ್ಲಿ ಕೂತು ಘಮಘಮಿಸುವ ಅಡುಗೆ ಉಣ್ಣುವಾಗ ಒಬ್ಬರಿಗೆ ಮಾತ್ರ ಸಪ್ಪೆಯ ತಟ್ಟೆ ಇಟ್ಟರೆ ಆ ತಟ್ಟೆ ಬಹಳ ದಿನ ನಿಲ್ಲುವುದಿಲ್ಲ. ಕದ್ದು ತಿನ್ನುವ ಚಟ ಅಲ್ಲಿಂದಲೇ ಹುಟ್ಟುತ್ತದೆ. ಅದರ ಬದಲು ಮನೆಯ ಒಟ್ಟು ಅಡುಗೆಯನ್ನೇ ಕಡಿಮೆ ಉಪ್ಪಿನಲ್ಲಿ ಮಾಡಿ, ಬೇಕಾದವರು ತಮ್ಮ ತಟ್ಟೆಗೆ ಬೇರೆ ಹಾಕಿಕೊಳ್ಳುವ ಪದ್ಧತಿಯಿಟ್ಟರೆ ರೋಗಿ ಪಂಕ್ತಿಯಿಂದ ಹೊರಗಾಗುವುದಿಲ್ಲ. ಉಪ್ಪು ಇಳಿದ ಅಡುಗೆ ಉಳಿದವರಿಗೂ ಹಿತವೇ. ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ವಂಶದಲ್ಲಿ ಹರಿಯುವ ಬೇನೆಗಳಾದುದರಿಂದ, ಒಬ್ಬರಿಗೆ ಮೂತ್ರಪಿಂಡ ಸೋತ ಮನೆಯಲ್ಲಿ ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಮೂತ್ರ ಇವುಗಳನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ತಾಲೂಕು ದವಾಖಾನೆಯಲ್ಲಿ ರೋಗಿಯ ಸರದಿ ನಡೆಯುವ ನಾಲ್ಕು ತಾಸು ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂತವರು ಈ ಪರೀಕ್ಷೆಗಳನ್ನು ಆ ಹೊತ್ತಿನಲ್ಲಿಯೇ ಮುಗಿಸಿಕೊಳ್ಳಬಹುದು.